ಎನ್‌ಆರ್‌ಐ ಪಿಂಚಣಿದಾರರಿಗೆ 12 ಲಕ್ಷದ ವಿನಾಯಿತಿ ಇಲ್ಲ

ಹೊರದೇಶದಲ್ಲಿ ಮಕ್ಕಳ ಜೊತೆ ನೆಲೆಸಿ, ಊರಿನ ಬ್ಯಾಂಕಿಗೆ ಬರುವ ಪಿಂಚಣಿಯನ್ನೇ ನೆಚ್ಚಿಕೊಂಡ ಹಿರಿಯರಿಂದ ಪ್ರತಿ ಸಲವೂ ಅವೇ ಪ್ರಶ್ನೆಗಳು ಬರುತ್ತಿವೆ. ಪ್ರಶ್ನೆಗಳಿಗಿಂತ ಬೇಸರ ತರಿಸುವುದು ಅವರಿಗೆ ಈಗಾಗಲೇ ಯಾರೋ ಕೊಟ್ಟಿರುವ ತಪ್ಪು ಉತ್ತರಗಳು. ಪಾನ್, ಲಾಗಿನ್, ಪಾಸ್‌ವರ್ಡ್ ಎಂಬ ಅ-ಆ-ಇ-ಈಯನ್ನು ಇಲ್ಲಿ ಬಿಟ್ಟಿದ್ದೇನೆ. ಕೆಳಗಿನ ಲೆಕ್ಕವೆಲ್ಲ 2025-26ರ ಆದಾಯದ್ದು, ಅಂದರೆ 2026ರ ಜುಲೈ 31ರೊಳಗೆ ಸಲ್ಲಿಸುವ ರಿಟರ್ನಿನದು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿದ್ದರೂ ಈ ರಿಟರ್ನಿಗೆ 1961ರ ಕಾಯ್ದೆಯೇ ಅನ್ವಯ.

ಪ್ರಶ್ನೆ: ರಾಜ್ಯ ಶಿಕ್ಷಣ ಇಲಾಖೆಯಿಂದ ನಿವೃತ್ತನಾಗಿದ್ದೇನೆ. ಗ್ರೀನ್ ಕಾರ್ಡ್ ಪಡೆದು ಮೂರು ವರ್ಷದಿಂದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ತಿಂಗಳಿಗೆ 60,000 ರೂಪಾಯಿ ಪಿಂಚಣಿ, ವರ್ಷಕ್ಕೆ 2.40 ಲಕ್ಷ ಎಫ್‌ಡಿ ಬಡ್ಡಿ. ‘12 ಲಕ್ಷದವರೆಗೆ ತೆರಿಗೆಯೇ ಇಲ್ಲ, ಐಟಿಆರ್-1 ಹಾಕಿ ಬಿಡೋಣ’ ಎನ್ನುತ್ತಾರೆ ಊರಿನ ಏಜೆಂಟರು. ಸರಿಯೇ?

ತಪ್ಪು. ಎರಡೂ ತಪ್ಪು.

12 ಲಕ್ಷದವರೆಗೆ ತೆರಿಗೆ ಬರದಂತೆ ಮಾಡುವುದು 87ಎ ಸೆಕ್ಷನ್ನಿನ ರಿಬೇಟು, ಅಂದರೆ ಲೆಕ್ಕ ಹಾಕಿದ ತೆರಿಗೆಯಲ್ಲಿ ಕೊಡುವ ಮಾಫಿ. ಅದು ಭಾರತದ ನಿವಾಸಿಗೆ ಮಾತ್ರ. ನೀವು ವರ್ಷವಿಡೀ ನ್ಯೂಜೆರ್ಸಿಯಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ಅನಿವಾಸಿ. ವಯಸ್ಸು 65 ಆಗಿರಲಿ, 85 ಆಗಿರಲಿ, ರಿಬೇಟು ಸಿಗದು. ಹಿರಿಯ ನಾಗರಿಕರಿಗೆಂದು ಕಾಯ್ದೆ ಕೊಟ್ಟಿರುವ ಬಹುತೇಕ ಸವಲತ್ತುಗಳ ಕಥೆಯೂ ಇದೇ. ಹಳೆ ಪದ್ಧತಿಯ 3 ಲಕ್ಷ ಮತ್ತು 5 ಲಕ್ಷದ ಮೂಲ ಮಿತಿ, 80ಟಿಟಿಬಿ ಬಡ್ಡಿ ಕಡಿತ, 15ಎಚ್ ಫಾರ್ಮ್ (ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಎಂದು ಬ್ಯಾಂಕಿಗೆ ಕೊಡುವ ಘೋಷಣೆ), ಮುಂಗಡ ತೆರಿಗೆಯಿಂದ ಬಿಡುಗಡೆ, ಇವೆಲ್ಲ ನಿವಾಸಿ ಹಿರಿಯರಿಗೆ ಮಾತ್ರ. ನಿಮಗೆ ಉಳಿಯುವುದು 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ಹೊಸ ಪದ್ಧತಿಯ ಸ್ಲ್ಯಾಬ್. ಇವು ಎಲ್ಲರಿಗೂ ಒಂದೇ.

ಲೆಕ್ಕ ಹಾಕೋಣ. ಪಿಂಚಣಿ 7,20,000, ಬಡ್ಡಿ 2,40,000, ಒಟ್ಟು 9,60,000. 75,000 ಕಳೆದರೆ 8,85,000. ಮೊದಲ 4 ಲಕ್ಷಕ್ಕೆ ಸೊನ್ನೆ, 4ರಿಂದ 8 ಲಕ್ಷದವರೆಗೆ ಶೇ 5ರಂತೆ 20,000, ಉಳಿದ 85,000ಕ್ಕೆ ಶೇ 10ರಂತೆ 8,500. ಸೆಸ್ ಶೇ 4 ಸೇರಿಸಿದರೆ 29,640 ರೂಪಾಯಿ. ಇಷ್ಟೇ ಆದಾಯವಿರುವ ನಿಮ್ಮ ಸಹೋದ್ಯೋಗಿ ಊರಿನಲ್ಲೇ ಇದ್ದರೆ ಅವರ ತೆರಿಗೆ ಸೊನ್ನೆ. ಏಜೆಂಟರು ಆ ಸಹೋದ್ಯೋಗಿಯ ರಿಟರ್ನನ್ನೇ ನಿಮಗೂ ತೊಡಿಸಲು ಹೊರಟಿದ್ದಾರೆ. ಐಟಿಆರ್-1 ಅನಿವಾಸಿಗಳ ಫಾರ್ಮೇ ಅಲ್ಲ. ನಿಮ್ಮದು ಐಟಿಆರ್-2.

ನಿವಾಸಿ ಅಲ್ಲವೆಂದು ಸರಿಯಾಗಿ ಹೇಳಿಕೊಂಡರೆ ಹಣ ಹೋಗುತ್ತದೆ ಎಂಬ ಭಯ ಹಲವರಿಗಿದೆ. ನಿಮ್ಮ ವಿಷಯದಲ್ಲಿ ಹಣ ವಾಪಸ್ ಬರುವ ಸಾಧ್ಯತೆಯೇ ಹೆಚ್ಚು. ಖಾತೆ ಎನ್‌ಆರ್‌ಒ (ಅನಿವಾಸಿಗಳ ಭಾರತದ ಆದಾಯಕ್ಕೆಂದು ಇರುವ ಖಾತೆ) ಆಗಿದ್ದರೆ ಬ್ಯಾಂಕು ಎಫ್‌ಡಿ ಬಡ್ಡಿಯ ಮೇಲೆ ಶೇ 31.2ರಂತೆ 74,880 ರೂಪಾಯಿ ಟಿಡಿಎಸ್ ಹಿಡಿಯುತ್ತದೆ. ನೀವು ಅನಿವಾಸಿ ಎಂದು ಪಿಂಚಣಿ ಶಾಖೆಗೂ ತಿಳಿಸಿದ್ದರೆ ಪಿಂಚಣಿಯಲ್ಲಿ ಇನ್ನೊಂದು 12,740. ಒಟ್ಟು 87,620. ನಿಮ್ಮ ತೆರಿಗೆ 29,640 ಮಾತ್ರ. ಉಳಿದ 57,980 ರೂಪಾಯಿ ರಿಟರ್ನ್ ಹಾಕಿದರೆ ಮಾತ್ರ ವಾಪಸ್ ಬರುತ್ತದೆ.

ಖಾತೆಯನ್ನು ಇನ್ನೂ ಎನ್‌ಆರ್‌ಒ ಮಾಡಿಸದಿದ್ದರೆ ಮೊದಲು ಅದನ್ನು ಮಾಡಿಸಿ. ಹೊರದೇಶದಲ್ಲಿ ನೆಲೆಸಿದ ಮೇಲೆ ಸಾಮಾನ್ಯ ಉಳಿತಾಯ ಖಾತೆ ಇಟ್ಟುಕೊಳ್ಳುವುದಕ್ಕೆ ವಿದೇಶಿ ವಿನಿಮಯದ ಫೆಮಾ ಕಾಯ್ದೆಯಲ್ಲಿ ಅವಕಾಶವಿಲ್ಲ. ಪಿಂಚಣಿ ನಿಂತುಹೋಗುತ್ತದೆ ಎಂಬ ಹೆದರಿಕೆ ಬೇಡ. ಎನ್‌ಆರ್‌ಒ ಖಾತೆಗೂ ಪಿಂಚಣಿ ಬರುತ್ತದೆ.

ಇನ್ನು ಐಟಿಆರ್-2ರಲ್ಲಿ ಎಡವುವ ಜಾಗಗಳು. ಮೊದಲು ಪೋರ್ಟಲಿನ ಪ್ರೊಫೈಲ್‌ನಲ್ಲಿ ನಿವಾಸಿ ಸ್ಥಾನವನ್ನು ನಾನ್-ರೆಸಿಡೆಂಟ್ ಎಂದು ಬದಲಿಸಿ. ಇದನ್ನು ಬಿಟ್ಟ ಕೆಲವರ ಪಾನ್, ಆಧಾರ್ ಜೋಡಣೆ ಆಗಿಲ್ಲವೆಂದು ನಿಷ್ಕ್ರಿಯವಾಗಿದೆ. ರಿಟರ್ನಿನಲ್ಲಿ ಆ ವರ್ಷ ಮತ್ತು ಹಿಂದಿನ ನಾಲ್ಕು ವರ್ಷ ಭಾರತದಲ್ಲಿ ಎಷ್ಟು ದಿನ ಇದ್ದಿರಿ ಎಂದು ಕೇಳುತ್ತದೆ. ಪಾಸ್‌ಪೋರ್ಟಿನ ಮುದ್ರೆ ನೋಡಿ ಬರೆಯಿರಿ, ನೆನಪಿನಿಂದ ಬೇಡ. ಬಂದ ದಿನ, ಹೋದ ದಿನ ಎರಡನ್ನೂ ಎಣಿಸುವುದು ಸುರಕ್ಷಿತ. ವಾಸದ ದೇಶ ಅಮೆರಿಕ ಎಂದು ಬರೆದು ಅಲ್ಲಿನ ತೆರಿಗೆ ಗುರುತಿನ ಸಂಖ್ಯೆ ಕೊಡಿ. ಪಿಂಚಣಿ ಹೋಗಬೇಕಾದ್ದು ಸಂಬಳದ ಶೆಡ್ಯೂಲಿಗೆ, ರಾಜ್ಯ ಸರ್ಕಾರದ ಪಿಂಚಣಿದಾರ ಎಂಬ ಆಯ್ಕೆಯ ಕೆಳಗೆ. ಅದನ್ನು ‘ಇತರ ಮೂಲ’ಕ್ಕೆ ಹಾಕಿದರೆ 75,000ದ ಕಡಿತ ಕೈತಪ್ಪುತ್ತದೆ. ನಿಮ್ಮ ಪಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿರುವ ಟಿಡಿಎಸ್ ಸಾಲುಗಳನ್ನು ಒಂದೊಂದಾಗಿ ತಾಳೆ ನೋಡಿ.

ಸಲ್ಲಿಸಿದ ಮೇಲೆ 30 ದಿನದೊಳಗೆ ವೆರಿಫೈ ಮಾಡಬೇಕು. ಅತಿ ಹೆಚ್ಚು ಮಂದಿ ಮುಗ್ಗರಿಸುವುದು ಇಲ್ಲೇ. ಆಧಾರ್ ಒಟಿಪಿ ಊರಿನ ಸಿಮ್‌ಗೆ ಹೋಗುತ್ತದೆ, ಸಿಮ್ ರೀಚಾರ್ಜ್ ಆಗದೆ ಸತ್ತಿರುತ್ತದೆ. ಹೊರಡುವ ಮುನ್ನವೇ ಅದೇ ನಂಬರಿಗೆ ರೋಮಿಂಗ್ ಹಾಕಿಸಿ, ಇಲ್ಲವೇ ನೆಟ್ ಬ್ಯಾಂಕಿಂಗ್ ಮೂಲಕ ವೆರಿಫೈ ಮಾಡಿ. ಅದೂ ಆಗದಿದ್ದರೆ ಐಟಿಆರ್-ವಿ ಎಂಬ ಸ್ವೀಕೃತಿ ಪ್ರತಿಗೆ ಸಹಿ ಹಾಕಿ ಬೆಂಗಳೂರಿನಲ್ಲಿರುವ ಇಲಾಖೆಯ ಸಿಪಿಸಿ ಕೇಂದ್ರಕ್ಕೆ, 560500 ಪಿನ್‌ಕೋಡಿಗೆ, ಆ 30 ದಿನದೊಳಗೆ ತಲುಪುವಂತೆ ಕಳಿಸಿ. ವೆರಿಫೈ ಆಗದ ರಿಟರ್ನ್, ಹಾಕದ ರಿಟರ್ನಿಗೆ ಸಮ.

ಅಮೆರಿಕದ ಕಡೆಯ ಕೆಲಸ ಬೇರೆಯೇ ಇದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 19ನೇ ವಿಧಿಯಂತೆ ಸರ್ಕಾರಿ ಪಿಂಚಣಿಗೆ ತೆರಿಗೆ, ಆ ಪಿಂಚಣಿ ಕೊಡುವ ದೇಶದಲ್ಲಿ ಮಾತ್ರ ಎಂದು ಓದಿ ಕೆಲವರು ಅಮೆರಿಕದ ರಿಟರ್ನಾದ 1040 ಫಾರ್ಮಿನಲ್ಲಿ ಪಿಂಚಣಿ ತೋರಿಸುವುದೇ ಇಲ್ಲ. ಒಪ್ಪಂದದ 1ನೇ ವಿಧಿಯನ್ನೂ ಓದಬೇಕಿತ್ತು. ಅಮೆರಿಕದ ಪೌರರು ಮತ್ತು ಅಲ್ಲಿ ವಲಸಿಗ ಸ್ಥಾನ ಪಡೆದವರು, ಅಂದರೆ ಗ್ರೀನ್ ಕಾರ್ಡ್‌ನವರು, 19ನೇ ವಿಧಿಯ ರಕ್ಷಣೆಯನ್ನು ಅಮೆರಿಕದ ಎದುರು ಕೇಳುವಂತಿಲ್ಲ. ನೀವು ಪಿಂಚಣಿಯನ್ನೂ ಬಡ್ಡಿಯನ್ನೂ 1040ರಲ್ಲಿ ತೋರಿಸಿ, ಭಾರತದಲ್ಲಿ ಕಟ್ಟಿದ ತೆರಿಗೆಗೆ 1116 ಫಾರ್ಮಿನಲ್ಲಿ ಕ್ರೆಡಿಟ್ ಪಡೆಯಬೇಕು. ಕ್ರೆಡಿಟ್ ಸಿಗುವುದು ನಿಜವಾಗಿ ಬಾಕಿಯಿದ್ದ 29,640ಕ್ಕೆ, ಬ್ಯಾಂಕು ಹಿಡಿದ 87,620ಕ್ಕಲ್ಲ. ಇಲ್ಲಿಂದ ರೀಫಂಡ್, ಅಲ್ಲಿಂದ ಪೂರ್ತಿ ಕ್ರೆಡಿಟ್ ಪಡೆಯುವುದು ಎರಡೂ ಕಡೆ ಮೋಸ. ಅಲ್ಲಿನ ವರ್ಷ ಜನವರಿಯಿಂದ ಡಿಸೆಂಬರ್, ಇಲ್ಲಿನದು ಏಪ್ರಿಲ್‌ನಿಂದ ಮಾರ್ಚ್. ಪಿಂಚಣಿಯನ್ನು ತಿಂಗಳವಾರು ಬರೆದಿಟ್ಟುಕೊಳ್ಳಿ. ಭಾರತದ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಹೊರದೇಶದ ಖಾತೆಗಳ ವರದಿಯಾದ ಎಫ್‌ಬಿಎಆರ್ ಕೂಡ ಅಮೆರಿಕಕ್ಕೆ ಸಲ್ಲಿಸಬೇಕು. ನಿಮ್ಮ ಎಫ್‌ಡಿ ಒಂದೇ ಆ ಮಿತಿ ದಾಟುತ್ತದೆ.

ಹಿಂದಿನ ವರ್ಷಗಳಲ್ಲೂ ನಿವಾಸಿ ಎಂದೇ ರಿಟರ್ನ್ ಹಾಕಿ ತೆರಿಗೆ ಕಡಿಮೆ ತೋರಿಸಿದ್ದರೆ ಹಳೆ ರಿಟರ್ನನ್ನು ತಿದ್ದುವ ಐಟಿಆರ್-ಯು ಮೂಲಕ ಸರಿಪಡಿಸಿ. ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮರುವರ್ಷ) ಮುಗಿದ 12 ತಿಂಗಳೊಳಗೆ ಹಾಕಿದರೆ ತೆರಿಗೆ ಮತ್ತು ಬಡ್ಡಿಯ ಮೇಲೆ ಇನ್ನೂ ಶೇ 25, 24 ತಿಂಗಳೊಳಗೆ ಶೇ 50, 36ರೊಳಗೆ ಶೇ 60, 48ರೊಳಗೆ ಶೇ 70. ಇಲಾಖೆ ನೋಟಿಸ್ ಕಳಿಸಲಿ, ಆಮೇಲೆ ನೋಡೋಣ ಎನ್ನುವವರ ಮಾತು ಕೇಳಬೇಡಿ.

ಪ್ರಶ್ನೆ: ಜೂನ್ 10ಕ್ಕೆ ಮಗನ ಬಳಿ ಹೊರಟುಬಿಟ್ಟೆ. ಆ ವರ್ಷದಿಂದಲೇ ಎನ್‌ಆರ್‌ಐ ತಾನೇ?

ಅಲ್ಲ. ಏಪ್ರಿಲ್ 1ರಿಂದ ಜೂನ್ 10ರವರೆಗೆ 71 ದಿನ. 60 ದಿನ ದಾಟಿದೆ, ಹಿಂದಿನ ನಾಲ್ಕು ವರ್ಷದಲ್ಲಿ 365 ದಿನವೂ ಆಗಿದೆ, ಆದ್ದರಿಂದ ಆ ವರ್ಷ ನೀವು ನಿವಾಸಿ. 60ರ ಬದಲು 182 ದಿನ ಎಂಬ ರಿಯಾಯಿತಿ ಕೆಲಸಕ್ಕೆಂದು ಹೊರಡುವವರಿಗೆ, ಮಕ್ಕಳ ಮನೆಗೆ ಹೊರಡುವ ನಿವೃತ್ತರಿಗಲ್ಲ. ಆ ವರ್ಷದ ಮಟ್ಟಿಗೆ 87ಎ ರಿಬೇಟು ನಿಮಗೂ ಇದೆ. ಮುಂದಿನ ವರ್ಷಗಳಲ್ಲಿ ಊರಿಗೆ ಬಂದುಹೋಗುವಾಗ 182 ದಿನದ ಮಿತಿ ಅನ್ವಯಿಸುತ್ತದೆ. ಭಾರತದ ಆದಾಯ 15 ಲಕ್ಷ ದಾಟಿದವರು 120 ದಿನ ತುಂಬದಂತೆ ನೋಡಿಕೊಳ್ಳಿ.

ಪ್ರಶ್ನೆ: ವಿಸಿಟರ್ ವೀಸಾದಲ್ಲಿ ಪ್ರತಿ ವರ್ಷ ಐದೂವರೆ ತಿಂಗಳು ಅಮೆರಿಕದಲ್ಲಿರುತ್ತೇವೆ. ಅಲ್ಲಿ ತೆರಿಗೆಯ ತಂಟೆ ಇಲ್ಲವಲ್ಲ?

ಇದೆ, ಇದನ್ನು ಹೇಳುವವರೇ ಕಡಿಮೆ. ಈ ವರ್ಷದ ದಿನಗಳು, ಹಿಂದಿನ ವರ್ಷದ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಕೂಡಿಸಿ. 183 ಮುಟ್ಟಿದರೆ ಅಮೆರಿಕ ನಿಮ್ಮನ್ನು ತೆರಿಗೆ ನಿವಾಸಿ ಎನ್ನುತ್ತದೆ. ವರ್ಷಕ್ಕೆ 165 ದಿನವಿದ್ದರೆ 165 ಮತ್ತು 55 ಮತ್ತು 27.5, ಒಟ್ಟು 247.5. ಆ ವರ್ಷ ಅಲ್ಲಿ 183 ದಿನ ತುಂಬಿರದಿದ್ದರೆ, ಮನೆ-ಸಂಸಾರ-ಬ್ಯಾಂಕು ಎಲ್ಲ ಭಾರತದಲ್ಲೇ ಎಂದು ತೋರಿಸಿ 8840 ಫಾರ್ಮ್ ಅನ್ನು ಜೂನ್ 15ರೊಳಗೆ ಸಲ್ಲಿಸಿ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದವರಿಗೆ ಈ ದಾರಿ ಇಲ್ಲ.

ಪ್ರಶ್ನೆ: ಯಜಮಾನರು ತೀರಿಕೊಂಡ ಮೇಲೆ ನನಗೆ ಬರುವ ಕುಟುಂಬ ಪಿಂಚಣಿಗೂ 75,000 ಕಡಿತ ಇದೆಯೇ?

ಇಲ್ಲಮ್ಮ. ಕುಟುಂಬ ಪಿಂಚಣಿ ಮಾತ್ರ ‘ಇತರ ಮೂಲ’ದ ಆದಾಯ. ಹೊಸ ಪದ್ಧತಿಯಲ್ಲಿ ಅದರ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು.

ಪ್ರಶ್ನೆ: ಪಿಂಚಣಿಯನ್ನು ಎನ್‌ಆರ್‌ಇ ಖಾತೆಗೆ (ಅನಿವಾಸಿಗಳ ಇನ್ನೊಂದು ಬಗೆಯ ಖಾತೆ) ಹಾಕಿಸಿಕೊಂಡರೆ ತೆರಿಗೆ ಇಲ್ಲವಂತೆ?

ವಿನಾಯಿತಿ ಇರುವುದು ಆ ಖಾತೆಯ ಬಡ್ಡಿಗೆ, ಅದರೊಳಗೆ ಬರುವ ಪಿಂಚಣಿಗಲ್ಲ.

ಪ್ರಶ್ನೆ: ಬ್ಯಾಂಕಿನವರೇ 15ಎಚ್ ಕೊಡಿ ಎಂದರು, ಕೊಡಲೇ?

ಬೇಡ. ನಿವಾಸಿ ಎಂದು ಸುಳ್ಳು ಘೋಷಣೆ ಕೊಟ್ಟ ಹೊಣೆ ಬ್ಯಾಂಕಿನದಲ್ಲ, ನಿಮ್ಮದು.

ಪ್ರಶ್ನೆ: ಪೂರ್ತಿ ಟಿಡಿಎಸ್ ವಾಪಸ್ ಕೊಡಿಸುತ್ತೇನೆ, ರೀಫಂಡಿನಲ್ಲಿ ಪಾಲು ಕೊಡಿ ಎನ್ನುತ್ತಾರೆ ಒಬ್ಬರು. ನಂಬಬಹುದೇ?

ನಂಬಬೇಡಿ. ರೀಫಂಡಿನಲ್ಲಿ ಪಾಲು ಕೇಳುವವರು ಆ ಮೊತ್ತ ಹಿಗ್ಗಿಸಲು ಇಲ್ಲದ ದೇಣಿಗೆ, ಇಲ್ಲದ ವಿಮೆ, ನಿಮಗೆ ಸಲ್ಲದ 80ಟಿಟಿಬಿ ಎಲ್ಲವನ್ನೂ ತುಂಬುತ್ತಾರೆ. ಎರಡು ವರ್ಷದ ನಂತರ ನೋಟಿಸ್ ಬರುವುದು ನಿಮ್ಮ ಪಾನ್‌ಗೆ. ನಿಮ್ಮ ಖಾತೆಯಲ್ಲಿ ಅವರ ಇ-ಮೇಲ್, ಅವರ ಮೊಬೈಲ್ ನಂಬರು ಇದ್ದರೆ ನೋಟಿಸ್ ಬಂದದ್ದೂ ನಿಮಗೆ ಗೊತ್ತಾಗದು. ಇವತ್ತೇ ಲಾಗಿನ್ ಆಗಿ ಪಾಸ್‌ವರ್ಡ್ ಬದಲಿಸಿ, ನಿಮ್ಮ ಇ-ಮೇಲ್ ಹಾಕಿ, ಇದುವರೆಗೆ ಸಲ್ಲಿಸಿದ ರಿಟರ್ನುಗಳ ಪಿಡಿಎಫ್ ಇಳಿಸಿಕೊಂಡು ನಿಮ್ಮ ಹೆಸರಿನಲ್ಲಿ ಏನೇನು ಬರೆದಿದ್ದಾರೆ ಎಂದು ಸಾಲು ಸಾಲಾಗಿ ಓದಿ.