ಹೆರಿಗೆ ಕೋಣೆಗೆ ಒಬ್ಬಳೇ ಹೋಗಬೇಕಾ?

ಪತ್ರ: ‘ಮೇಡಂ, ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದೇನೆ. ಚೊಚ್ಚಲ ಹೆರಿಗೆ. ತಾಲ್ಲೂಕು ಆಸ್ಪತ್ರೆಯಲ್ಲೇ ಅಂತ ಮಾತಾಗಿದೆ. ನೋಡೋಕೆ ಬಂದವರೆಲ್ಲ ಒಂದೊಂದು ಕಥೆ ಹೇಳ್ತಾರೆ. ಒಳಗೆ ಯಾರನ್ನೂ ಬಿಡಲ್ಲ, ಕೂಗಿದರೆ ಬೈತಾರೆ, ತೊಡೆಗೆ ಹೊಡೀತಾರೆ ಅಂತ. ನೋವು ಹೇಗೋ ತಡ್ಕೊಳ್ತೀನಿ, ಒಬ್ಬಳೇ ಹೋಗೋಕೆ ಭಯ. ಅಮ್ಮ ಬರ್ತೀನಿ ಅಂತಾಳೆ, ಆದರೆ ಇಂಜೆಕ್ಷನ್ ನೋಡಿದರೇ ತಲೆ ತಿರುಗಿ ಬೀಳ್ತಾಳೆ. ಅತ್ತೆ ದಿನಾ ಫೋನ್ ಮಾಡಿ ನಾರ್ಮಲ್ಲೇ ಆಗಬೇಕು ಅಂತಾರೆ. ಏನು ಮಾಡಲಿ?’
– ಹೆಸರು ಬೇಡ ಎಂದಿರುವ ಓದುಗರು, ಚಿತ್ರದುರ್ಗ ಜಿಲ್ಲೆ

ಸಂಪಾದಕರ ಉತ್ತರ:

‘ನೋವು ಹೇಗೋ ತಡ್ಕೊಳ್ತೀನಿ, ಒಬ್ಬಳೇ ಹೋಗೋಕೆ ಭಯ’ ಎಂದಿದ್ದೀರಿ. ಹೆರಿಗೆಯ ಬಗ್ಗೆ ನಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಏನು ತಿನ್ನಬೇಕು, ಹೇಗೆ ಮಲಗಬೇಕು ಎಂದು ಕೇಳುತ್ತವೆ. ನೀವು ಕೇಳಿರುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅದಕ್ಕೇ ಈ ಸಲ ಜಾಗ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತಿದ್ದೇನೆ.

ಮೊದಲು ನೇರ ಉತ್ತರ. ನೀವು ಒಬ್ಬರೇ ಹೋಗಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಬಸುರಿಯ ಕಡೆಯವರೊಬ್ಬರು ಜೊತೆಗಿರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸರ್ಕಾರಿ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲೆಂದು ಮರುವರ್ಷ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮದಲ್ಲೂ ಇದು ಸೇರಿದೆ. ಜೊತೆಗಿರುವವರು ನೆಂಟರ ಪೈಕಿ ಹೆಂಗಸಾಗಿರಬೇಕು, ತಾವೂ ಹೆತ್ತವರಾದರೆ ಒಳ್ಳೆಯದು. ಅಂಟುರೋಗ ಇರಬಾರದು, ಒಗೆದ ಬಟ್ಟೆ ಉಟ್ಟಿರಬೇಕು, ಹೆರಿಗೆ ಮುಗಿಯುವವರೆಗೂ ಕದಲದೆ ಇರಲು ಒಪ್ಪಬೇಕು. ವೈದ್ಯರ, ನರ್ಸ್‌ಗಳ ಕೆಲಸಕ್ಕೆ ಕೈ ಹಾಕಬಾರದು. ಪಕ್ಕದ ಮಂಚದವರ ಉಸಾಬರಿ ಬೇಡ. ಇಷ್ಟೇ ಷರತ್ತು. ಮಂಚಗಳ ನಡುವೆ ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು. ಆದರೆ ಎಷ್ಟೋ ಕಡೆ ನಾಲ್ಕು ಮಂಚಕ್ಕೆ ಒಂದು ಪರದೆಯೂ ಇರುವುದಿಲ್ಲ ಅಲ್ವಾ? ಅಂಥ ಕಡೆ ಆ ಆಸೆ ಬಿಡಿ.

ಇದು ದಾಕ್ಷಿಣ್ಯಕ್ಕೆ ಕೊಟ್ಟ ಸವಲತ್ತಲ್ಲ. ಹೆರಿಗೆಯ ಉದ್ದಕ್ಕೂ ಒಬ್ಬರು ಪಕ್ಕದಲ್ಲೇ ಇದ್ದರೆ ಏನಾಗುತ್ತದೆ ಎಂದು ಹಲವು ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಹೆರಿಗೆಗಳನ್ನು ನೋಡಿದ ಅಧ್ಯಯನಗಳನ್ನೆಲ್ಲ ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಹಾಗೆ ಜೊತೆ ಸಿಕ್ಕವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ತುಸು ಕಡಿಮೆ ಎಂದು ಕಂಡುಬಂತು. ನಾರ್ಮಲ್ಲೇ ಆಗಬೇಕು ಎನ್ನುವ ನಿಮ್ಮತ್ತೆಗೆ ಇದನ್ನು ಓದಿ ಹೇಳಿ. ದಿನಾ ಫೋನ್ ಮಾಡುವುದಕ್ಕಿಂತ ಇದರಿಂದ ಉಪಯೋಗ ಜಾಸ್ತಿ.

ಮಾರ್ಗಸೂಚಿ ಇದ್ದರೂ ಬಾಗಿಲಲ್ಲಿ ನಿಂತ ಆಯಾ ‘ಯಾರನ್ನೂ ಬಿಡಲ್ಲ, ಆಚೆ ಹೋಗಿ’ ಎನ್ನುವುದು ನನಗೂ ಗೊತ್ತು. ನೋವು ಬಂದ ರಾತ್ರಿ ಅಲ್ಲಿ ನಿಂತು ವಾದ ಮಾಡಲಾಗದು. ಆದ್ದರಿಂದ ಈಗಲೇ ಕೇಳಬೇಕು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ಅವತ್ತು ಜೊತೆಗಿರುವವರನ್ನೂ ಕರೆದುಕೊಂಡು ಹೋಗಿ. ಡಾಕ್ಟರಿಗೆ, ಹೆರಿಗೆ ವಾರ್ಡಿನ ನರ್ಸ್‌ಗೆ ‘ಹೆರಿಗೆ ಹೊತ್ತಿಗೆ ಇವರು ನನ್ನ ಜೊತೆ ಇರ್ತಾರೆ’ ಎಂದು ಮುಖ ತೋರಿಸಿ. ಹೆರಿಗೆ ಕೋಣೆಯನ್ನು ಒಮ್ಮೆ ನೋಡಬಹುದಾ ಎಂದೂ ಕೇಳಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೂ ಹೇಳಿಟ್ಟಿರಿ. ಆ ವಾರ್ಡಿನಲ್ಲಿ ಅವರ ಮಾತು ನಡೆಯುತ್ತದೆ.

ಇನ್ನು ಒಳಗೆ ಏನಾಗುತ್ತದೆ ಎಂಬುದು. ತಾಯಿ ಕಾರ್ಡ್ ನೋಡುತ್ತಾರೆ, ಬಿಪಿ ನೋಡುತ್ತಾರೆ, ಹೊಟ್ಟೆ ಮುಟ್ಟಿ ಮಗುವಿನ ಎದೆಬಡಿತ ಕೇಳುತ್ತಾರೆ. ಆಮೇಲೆ ಒಳಪರೀಕ್ಷೆ. ‘ಎರಡು ಬೆರಳು ಓಪನ್ ಆಗಿದೆ, ನಡೆದಾಡ್ತಾ ಇರಮ್ಮ’ ಎಂದು ನರ್ಸ್ ಹೇಳಿ ಹೋಗುತ್ತಾರೆ. ಎರಡು ಬೆರಳು ಎಂದರೆ ಗರ್ಭದ ಬಾಯಿ ಮೂರು ಸೆಂಟಿಮೀಟರ್ ಆಸುಪಾಸು ತೆರೆದಿದೆ ಎಂದರ್ಥ. ಪೂರ್ತಿ ತೆರೆಯುವುದು ಎಂದರೆ ಹತ್ತು. ಚೊಚ್ಚಲಲ್ಲಿ ಈ ಮೊದಲ ಹಂತವೇ ಕಾಡುವುದು. ನೋವು ಬರುತ್ತದೆ, ಹೋಗುತ್ತದೆ, ಗಂಟೆಗಟ್ಟಲೆ ಏನೂ ಮುಂದುವರಿದಂತೆ ಕಾಣುವುದಿಲ್ಲ. ಹೊರಗೆ ಕೂತವರು ‘ಇನ್ನೂ ಆಗಲಿಲ್ವಾ’ ಎಂದು ತಲೆ ತಿನ್ನುತ್ತಾರೆ. ಐದು ಸೆಂಟಿಮೀಟರ್ ದಾಟಿದ ಮೇಲೆಯೇ ಹೆರಿಗೆ ಚುರುಕಾಗುವುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಅಲ್ಲಿಂದಾಚೆಗೂ ಚೊಚ್ಚಲಿಗೆ ಹನ್ನೆರಡು ಗಂಟೆವರೆಗೆ ಹಿಡಿಯಬಹುದು. ಗಂಟೆಗೊಂದು ಸೆಂಟಿಮೀಟರ್ ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಸರ ಮಾಡಬೇಕಾಗಿಲ್ಲ ಎಂದೂ ಅದು ಹೇಳುತ್ತದೆ.

ಜೊತೆಗಿರುವವರಿಗೆ ಕೆಲಸ ಇರುವುದು ಈ ಹೊತ್ತಿನಲ್ಲೇ. ಸೊಂಟ ನೀವುವುದು, ಒಂದೊಂದು ಗುಟುಕು ನೀರು ಕುಡಿಸುವುದು, ನೋವು ಬಂದಾಗ ಕೈ ಕೊಡುವುದು, ಮೂತ್ರಕ್ಕೆ ಕರೆದುಕೊಂಡು ಹೋಗುವುದು. ನರ್ಸ್ ಹೇಳಿದ್ದು ನಿಮ್ಮ ಕಿವಿಗೆ ಬೀಳದಿದ್ದರೆ ಇನ್ನೊಮ್ಮೆ ಹೇಳುವುದು. ಕೊನೆಗೆ ‘ಮುಕ್ಕಮ್ಮಾ, ಮುಕ್ಕು’ ಎಂದು ಎಲ್ಲರೂ ಒಟ್ಟಿಗೆ ಕೂಗುವಾಗ ಗೊತ್ತಿರುವ ಒಂದು ದನಿ ಕಿವಿಯ ಹತ್ತಿರ ಇದ್ದರೆ ಸಾಕು, ಆ ಗಲಾಟೆಯಲ್ಲೂ ದಾರಿ ಕಾಣುತ್ತದೆ.

ಕೂಗಿದರೆ ಬೈಯುತ್ತಾರಾ? ಕೆಲವು ಕಡೆ ಬೈಯುತ್ತಾರೆ, ಸುಳ್ಳು ಹೇಳಲಾರೆ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್, ನೋವಿನಲ್ಲಿ ನಾಲ್ಕು ಜನ ಎಂದಾಗ ತಾಳ್ಮೆ ಕೆಡುವುದು ನನಗೆ ಅರ್ಥವಾಗುತ್ತದೆ. ಆದರೆ ಹೊಡೆಯುವುದನ್ನು, ‘ಗಂಡನ ಜೊತೆ ಮಲಗುವಾಗ ಗೊತ್ತಾಗಲಿಲ್ವಾ’ ಎಂಬ ಮಾತನ್ನು ಯಾವ ಕೆಲಸದ ಒತ್ತಡವೂ ಸಮರ್ಥಿಸುವುದಿಲ್ಲ. ಪಕ್ಕದಲ್ಲಿ ಮನೆಯವರೊಬ್ಬರು ನಿಂತಿದ್ದರೆ ಅಂಥ ಬಾಯಿ ತಾನಾಗಿ ಕಡಿಮೆಯಾಗುತ್ತದೆ. ನೀವಂತೂ ಕೂಗಬೇಕೆನಿಸಿದರೆ ಕೂಗಿ. ಮುಕ್ಕುವ ಹೊತ್ತಿಗೆ ಮಾತ್ರ ಆ ಉಸಿರನ್ನು ಕೆಳಗೆ ಬಿಟ್ಟರೆ ಕೆಲಸ ಬೇಗ ಆಗುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಗುವಾದ ಮೇಲೆ ‘ಖುಷಿಗೆ ಏನಾದ್ರೂ ಕೊಡಿ’ ಎಂದು ಕೈ ಚಾಚುವವರು ಇದ್ದಾರೆ. ಗಂಡಾದರೆ ಒಂದು ರೇಟು, ಹೆಣ್ಣಾದರೆ ಇನ್ನೊಂದು. ಆ ಲೆಕ್ಕ ಕೇಳಿದರೇ ನನಗೆ ಮೈ ಉರಿಯುತ್ತದೆ. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪೂರ್ತಿ ಉಚಿತ. ಸಿಸೇರಿಯನ್, ಔಷಧಿ, ಬೇಕಾದರೆ ರಕ್ತ, ಹೋಗಿ ಬರುವ ಗಾಡಿ ಎಲ್ಲ ಸೇರಿ. ಊಟವೂ ಉಚಿತ, ನಾರ್ಮಲ್ ಆದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ.

ಅತ್ತೆಯ ‘ನಾರ್ಮಲ್ಲೇ’ ಎಂಬ ಹಟಕ್ಕೆ ಬರೋಣ. ಅವರ ಅನುಮಾನಕ್ಕೆ ಕಾರಣ ಇಲ್ಲದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ಶೇ 47.4 ಸಿಸೇರಿಯನ್, ಸರ್ಕಾರಿಯಲ್ಲಿ ಶೇ 14.3. ಮುಹೂರ್ತ ನೋಡಿ ಹೊಟ್ಟೆ ಕೊಯ್ಸಿಕೊಳ್ಳುವವರೂ ಹೆಚ್ಚಾಗಿದ್ದಾರೆ. ಹಾಗಂತ ಮಗುವಿನ ಎದೆಬಡಿತ ಇಳಿಯುತ್ತಿದೆ, ಆಪರೇಷನ್ ಬೇಕು ಎಂದು ಡಾಕ್ಟರು ಹೇಳಿದಾಗ ಫೋನಿನಲ್ಲಿ ಅತ್ತೆಯ ಒಪ್ಪಿಗೆ ಕಾಯುತ್ತ ಕೂರಬೇಡಿ. ‘ಯಾಕೆ ಬೇಕು’ ಎಂದು ಒಂದು ಮಾತು ಕೇಳಿ, ಸಹಿ ಹಾಕಿ. ಹೊಟ್ಟೆ ಕೊಯ್ದು ತೆಗೆದರೂ ನಿಮ್ಮದೇ ಮಗು, ಅವರದೇ ಮೊಮ್ಮಗು.

ನೋವು ಐದೈದು ನಿಮಿಷಕ್ಕೊಮ್ಮೆ ಬರತೊಡಗಿದರೆ ಹೊರಡಿ. ಆಸ್ಪತ್ರೆ ದೂರವಿದ್ದರೆ ಅದಕ್ಕೂ ಮೊದಲೇ. ನೀರು ಹೋದರೆ, ರಕ್ತ ಕಂಡರೆ, ಮಗು ಆಡುವುದು ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ನೋವಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿಕೊಳ್ಳಿ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಜೇನುತುಪ್ಪ ನೆಕ್ಕಿಸುವುದು ಬೇಡ, ಯಾವ ಅಜ್ಜಿ ಹೇಳಿದರೂ ಸರಿ.

ಈಗ ಯಾರು ಜೊತೆಗಿರಬೇಕು ಎಂಬುದು. ನಿಮ್ಮಮ್ಮ ಬೇಡ. ಪ್ರೀತಿ ಎಷ್ಟಿದ್ದರೂ ಸೂಜಿ ನೋಡಿ ಬೀಳುವವರನ್ನು ಒಳಗೆ ಕರೆದೊಯ್ದರೆ ನರ್ಸ್ ಇಬ್ಬರನ್ನು ನೋಡಿಕೊಳ್ಳಬೇಕಾಗುತ್ತದೆ. ಎರಡು ಹೆತ್ತ ಅಕ್ಕ, ಗಟ್ಟಿಗಿತ್ತಿ ಚಿಕ್ಕಮ್ಮ, ಅತ್ತಿಗೆ, ಯಾರಾದರೂ ಆದೀತು. ಬಾಯಿ ಕಡಿಮೆ, ಧೈರ್ಯ ಜಾಸ್ತಿ ಇರುವವರನ್ನು ಆರಿಸಿ. ಅಮ್ಮನಿಗೆ ಬೇಜಾರಾಗದ ಹಾಗೆ ಈಗಲೇ ಹೇಳಿಬಿಡಿ. ಹೊರಗೆ ಅವರಿಗೆ ಕೈತುಂಬ ಕೆಲಸವಿದೆ. ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇರುವ ಚೀಲ ಕಾಯಬೇಕು. ಫ್ಲಾಸ್ಕಿನಲ್ಲಿ ಬಿಸಿನೀರು ತರಬೇಕು. ಮೆತ್ತಗೆ ಒಗೆದ ಹಳೆ ಸೀರೆಯ ತುಂಡುಗಳು ಅವರ ಕೈಯಲ್ಲೇ ಇರಲಿ, ಮಗುವನ್ನು ಹೊರಗೆ ತಂದಾಗ ಮೊದಲು ಸುತ್ತಿಕೊಳ್ಳುವವರು ಅವರೇ ಆಗಲಿ. ನಿಮ್ಮತ್ತೆಗೆ ಫೋನ್ ಮಾಡುವ ಕೆಲಸವನ್ನು ಮಾತ್ರ ನಿಮ್ಮ ಯಜಮಾನರಿಗೆ ಬಿಡಿ.