ಓದುಗರ ಪ್ರಶ್ನೆ: ಹಾಡುನಾಟಕ, ಕ್ಯಾಮೆರಾ ಮತ್ತು ಮಳೆ

ಪ್ರಶ್ನೆ: ಆಸ್ಟ್ರೇಲಿಯಾದ ಅಲನ್ ಬರ್ಕ್ ರಂಗಕ್ಕೆ ಹಾಡುನಾಟಕ ಬರೆದು, ಟಿವಿಗೂ ನಾಟಕ ನಿರ್ದೇಶಿಸಿದವರಂತೆ. ನಾವು ಕೊಡವ ನಾಟಕಕಾರ ಹರದಾಸ ಅಪ್ಪಚ್ಚ ಕವಿಗಳ ‘ಸಾವಿತ್ರಿ’ಯಿಂದ ಒಂದು ಭಾಗವನ್ನು ಮೂರು ಮೊಬೈಲಿನಲ್ಲಿ ಚಿತ್ರಿಸಲಿದ್ದೇವೆ. ಅವರ ಕೆಲಸದಿಂದ ಏನು ಕಲಿಯಬಹುದು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಮೊದಲಿಗೆ ಅಳತೆ. ಬರ್ಕ್ ಕಥೆ-ಸಂಭಾಷಣೆ ಬರೆದ ಹಾಡುನಾಟಕ ‘ಲೋಲಾ ಮಾಂಟೆಜ್’ (ಸಂಗೀತ ಪೀಟರ್ ಸ್ಟ್ಯಾನರ್ಡ್, ಹಾಡುಗಳು ಪೀಟರ್ ಬೆಂಜಮಿನ್) 1958ರಲ್ಲಿ ಮೆಲ್ಬರ್ನಿನ ಯೂನಿಯನ್ ಥಿಯೇಟರಿನ ಪುಟ್ಟ ರಂಗದಲ್ಲಿ ಗೆದ್ದಿತು. ಅದೇ ವರ್ಷ ದೊಡ್ಡ ರಂಗಮಂದಿರಗಳಿಗೆ ಹಿಗ್ಗಿಸಿದಾಗ ಕೈಸುಟ್ಟುಕೊಂಡಿತು. 1962ರಲ್ಲಿ ಬರ್ಕ್ ಅದನ್ನು ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಟಿವಿಗೆ ತಂದರು. ಅದು ಗೆದ್ದದ್ದು ಪುಟ್ಟದಾಗಿದ್ದಾಗ, ಹಾಗಾಗಿ ನೀವು ಜನಸಂದಣಿಯ ದೃಶ್ಯ ಬಿಡಿ. ಯಮ-ಸಾವಿತ್ರಿಯರ ಮಾತುಕತೆ ಸಾಕು.

ಆಸ್ಟ್ರೇಲಿಯಾದಲ್ಲಿ ಟಿವಿ ಶುರುವಾದದ್ದು 1956ರಲ್ಲಿ. ಮೊದಲ ವರ್ಷಗಳ ನಾಟಕಗಳು ನೇರಪ್ರಸಾರ. ಇನ್ನೊಂದು ನಗರಕ್ಕೆ ತೋರಿಸಲು ಟಿವಿ ಪರದೆಯ ಮುಂದೆಯೇ ಫಿಲಂ ಕ್ಯಾಮೆರಾ ಇಟ್ಟು ಹಿಡಿದು, ಸುರುಳಿ ಕಳಿಸುತ್ತಿದ್ದರು, ಚಿತ್ರ ಮಸುಕಾಗುತ್ತಿತ್ತು. ನಡುವೆ ನಿಲ್ಲಿಸುವಂತಿಲ್ಲ. ಆದ್ದರಿಂದ ನಟಿ ಉಡುಪು ಬದಲಿಸಿ ಮುಂದಿನ ಸೆಟ್ಟಿಗೆ ಓಡುವಷ್ಟು ಹೊತ್ತು ಇನ್ನೊಬ್ಬರಿಗೆ ಮಾತು ಬರೆದಿರಬೇಕು. ಈ ಶಿಸ್ತು ನಿಮಗೂ ಒಳ್ಳೆಯದು: ಒಂದೊಂದು ಹಾಡನ್ನೂ ಕಡಿಯದೆ ಪೂರ್ತಿ ತೆಗೆಯಿರಿ.

ತಾಳ ತಪ್ಪುವುದು ಬಹುಪಾಲು ದೂರದಿಂದ. ದುಡಿ (ಕೊಡವರ ಪುಟ್ಟ ಚರ್ಮವಾದ್ಯ) ಬಾರಿಸುವವರು 17 ಮೀಟರ್ ಆಚೆ ಕೂತರೆ ಪೆಟ್ಟು ಗಾಯಕಿಯ ಕಿವಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡವಾಗಿ ಬರುತ್ತದೆ, ಹಾಡು ಎಳೆಯತೊಡಗುತ್ತದೆ. ಮೂರು ಮೀಟರ್ ಒಳಗೆ ಕೂರಿಸಿ.

ಮೂರೂ ಮೊಬೈಲಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಬೇರೆ ಲೆಕ್ಕ ಇಟ್ಟರೆ ದೀಪ ಮಿನುಗಬಹುದು. ಹಿಮ್ಮೇಳದವರು ಕಪ್ಪು ಕುಪ್ಯದಲ್ಲಿದ್ದರೆ (ಕೊಡವ ಗಂಡಸರ ನಿಲುವಂಗಿ) ಮೊಬೈಲು ತಾನಾಗಿ ಬೆಳಕು ಏರಿಸಿ ಮುಖಗಳನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಮುಖದ ಮೇಲೆ ಬೆರಳೊತ್ತಿ ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಪ್ರತಿ ಟೇಕಿನ ಮೊದಲಿಗೂ ಕೊನೆಗೂ ಒಂದೊಂದು ಚಪ್ಪಾಳೆ ಬೇಕು. ಉದ್ದ ಟೇಕಿನಲ್ಲಿ ಮೊಬೈಲುಗಳ ಹೊತ್ತು ಒಂದಕ್ಕೊಂದು ಹೊಂದದೆ ಜಾರುತ್ತದೆ. ಎಷ್ಟು ಜಾರಿದೆ ಎಂದು ತಿಳಿಸುವುದು ಕೊನೆಯ ಚಪ್ಪಾಳೆ.

ಪ್ರಶ್ನೆ: ನಮ್ಮ ಹಾಲಿಗೆ ತಗಡಿನ ಮಾಡು. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಕೊಡವ ತಿಂಗಳು) ಚಿತ್ರಿಸಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೇಡ. ತಗಡಿನ ಮೇಲೆ ಬೀಳುವ ಮಳೆಯ ಸದ್ದು ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರಗಳಿಗೂ ಹರಡಿರುತ್ತದೆ. ಆಮೇಲೆ ಸಾಫ್ಟ್‌ವೇರಿನಲ್ಲಿ ತೆಗೆಯಹೋದರೆ ಸ, ಶ, ತ ಅಕ್ಷರಗಳೂ ಸವೆದುಹೋಗುತ್ತವೆ. ಅನಿವಾರ್ಯವಾದರೆ ಕಾಲರ್ ಮೈಕನ್ನು ಬಾಯಿಂದ 15 ಸೆಂ.ಮೀ. ಕೆಳಗೆ ಸಿಕ್ಕಿಸಿ ಮಾತಿನ ಭಾಗ ಮುಗಿಸಿ. ಹಾಡುಗಳನ್ನು ಕಾಂಕ್ರೀಟ್ ಮಾಡಿನ ಕೋಣೆಯಲ್ಲಿ ಮೊದಲೇ ಧ್ವನಿಮುದ್ರಿಸಿ, ಅದಕ್ಕೆ ತುಟಿಯಾಡಿಸಿ ಚಿತ್ರಿಸಿ.