ಅಗ್ಗದ ಬ್ಯಾಂಕ್ ಆಂಟಿಬಾಡಿಯಾ, ಕಂಪನಿಯದ್ದಾ?

ಮಡಿಕೇರಿಯ ಸಣ್ಣ ಲ್ಯಾಬ್, ಕೈಯಲ್ಲಿ ಚಿಕ್ಕ ಅನುದಾನ, ಬಾಯಿ ಕ್ಯಾನ್ಸರ್ ಮೇಲೆ ಕೆಲಸ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿರುವ ಹೈಬ್ರಿಡೋಮಾ (ಆಂಟಿಬಾಡಿ ತಯಾರಿಸುವ ಕೋಶಗಳ) ಬ್ಯಾಂಕಿನಿಂದ ಅಗ್ಗದ ಆಂಟಿಬಾಡಿ, ಅಂದರೆ ಒಂದು ನಿರ್ದಿಷ್ಟ ಪ್ರೋಟೀನನ್ನು ಹುಡುಕಿ ಹಿಡಿಯುವ ಅಣು, ತರಿಸಲಾ, ದುಬಾರಿಯಾದರೂ ಕಂಪನಿಯದ್ದೇ ಕೊಳ್ಳಲಾ ಅಂತ ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ಕೂತು ನಾನೂ ಇದನ್ನೇ ಕೇಳಿಕೊಂಡಿದ್ದೆ. ಬ್ಯಾಂಕಿನದ್ದನ್ನೇ ತರಿಸಿದೆ. ಆ ಆಯ್ಕೆ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಆಮೇಲೆ.

ನನಗೆ ಬೇಕಿದ್ದದ್ದು ಇ-ಕ್ಯಾಡ್ಹೆರಿನ್. ಬಾಯಿಯ ಒಳಪದರದ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಪ್ರೋಟೀನ್ ಅದು. ಗಡ್ಡೆ ಒಳಕ್ಕೆ ನುಗ್ಗುವಾಗ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಅದನ್ನು ನಮ್ಮ ರೋಗಿಗಳ ಬಯಾಪ್ಸಿಯಲ್ಲಿ ನೋಡಬೇಕಿತ್ತು. ಹೆಚ್ಚಿನವರು ತೋಟದ ಲೈನ್‌ಮನೆಗಳಿಂದ ಬಂದವರು. ಹೊಗೆಸೊಪ್ಪು, ಎಲೆ ಅಡಿಕೆ ಹಾಕುವವರು. ಕೆಲವರು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಬಾಯಿಯಿಂದ ತೆಗೆದ ತುಣುಕು ಅಕ್ಕಿ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಅದನ್ನು ಫಾರ್ಮಲಿನ್‌ನಲ್ಲಿಟ್ಟು, ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿರುತ್ತಾರೆ. ಮೈಕ್ರೋಟೋಮ್‌ನಲ್ಲಿ 4 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿದರೆ ಸೆಕ್ಷನ್‌ಗಳು ರಿಬ್ಬನ್ ಥರ ಬರುತ್ತವೆ. ಬಿಸಿನೀರಿನ ಮೇಲೆ ತೇಲಿಸಿ ಸ್ಲೈಡ್‌ಗೆ ಎತ್ತಿಕೊಳ್ಳಬೇಕು. ಪ್ರತಿ ಸಲ ಕತ್ತರಿಸಿದಾಗಲೂ ಬ್ಲಾಕ್‌ನಲ್ಲಿ ತುಣುಕು ಸವೆಯುತ್ತದೆ.

ನಾನು ತರಿಸಿದ ಆಂಟಿಬಾಡಿಯನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಕೋಶದಿಂದ ತೆಗೆದ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ವಿಧಾನದಲ್ಲಿ, ಪರೀಕ್ಷಿಸಿದ್ದರು. ಸರಿಯಾದ ಜಾಗದಲ್ಲೇ ಒಂದೇ ಗೆರೆ, ಸ್ವಚ್ಛವಾಗಿತ್ತು. ಪ್ಯಾರಾಫಿನ್ ಸೆಕ್ಷನ್ ಮೇಲೆ ಯಾರೂ ನೋಡಿರಲಿಲ್ಲ. ಅಲ್ಲಿ ಗೆರೆ ಬಂದಿದೆ, ಇಲ್ಲೂ ಬರುತ್ತದೆ ಅಂದುಕೊಂಡೆ. ಹಾಗಾಗುವುದಿಲ್ಲ. ವೆಸ್ಟರ್ನ್‌ನಲ್ಲಿ ಪ್ರೋಟೀನನ್ನು ಎಸ್‌ಡಿಎಸ್ ಅನ್ನುವ ಸಾಬೂನಿನಂಥ ರಾಸಾಯನಿಕ ಹಾಕಿ ಕುದಿಸಿ, ಅದರ ಮಡಿಕೆ ಬಿಡಿಸಿರುತ್ತೇವೆ. ಬ್ಲಾಕ್‌ನಲ್ಲಿ ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದಿರುತ್ತದೆ. ಆಂಟಿಬಾಡಿ ಹಿಡಿಯುವ ಜಾಗ ಮುಚ್ಚಿಹೋಗಿರಬಹುದು. ಸಿಟ್ರೇಟ್ ಬಫರ್‌ನಲ್ಲಿ ಕಾಯಿಸಿದರೆ ಕೆಲವು ಜಾಗ ತೆರೆದುಕೊಳ್ಳುತ್ತವೆ, ಕೆಲವು ತೆರೆದುಕೊಳ್ಳುವುದೇ ಇಲ್ಲ.

ಆಂಟಿಬಾಡಿ ಅಂಟಿದ ಕಡೆ ಕಂದು ಬಣ್ಣ ಬರಬೇಕು. ಮೊದಲ ಸ್ಲೈಡ್‌ಗಳಲ್ಲಿ ಬಣ್ಣವೇ ಬರಲಿಲ್ಲ. ಆಂಟಿಬಾಡಿ ಜಾಸ್ತಿ ಹಾಕಿದೆ. ಸ್ವಲ್ಪ ಕಂದು ಬಂತು. ಇನ್ನೂ ಜಾಸ್ತಿ ಹಾಕಿದೆ, ರಾತ್ರಿಯಿಡೀ ಬಿಟ್ಟೆ. ಚೆನ್ನಾಗಿ ಕಂದಾಯಿತು. ಬಣ್ಣ ಬರುವವರೆಗೆ ಜಾಸ್ತಿ ಮಾಡುತ್ತಾ ಹೋದರೆ ಯಾವ ಆಂಟಿಬಾಡಿಯಾದರೂ ಎಲ್ಲೋ ಒಂದು ಕಡೆ ಅಂಟಿಕೊಳ್ಳುತ್ತದೆ. ಅದನ್ನು ಹಿಡಿದು ತೋರಿಸುವುದು ಕಂಟ್ರೋಲ್ ಸ್ಲೈಡ್: ಅದೇ ರೋಗಿಯ ಪಕ್ಕದ ಸೆಕ್ಷನ್ ಮೇಲೆ, ಅದೇ ಬಗೆಯ ಆದರೆ ಏನನ್ನೂ ಹಿಡಿಯದ ಇಲಿ ಆಂಟಿಬಾಡಿಯನ್ನು ಅಷ್ಟೇ ಪ್ರಮಾಣದಲ್ಲಿ ಹಾಕಿ ನೋಡುವುದು. ಅದೂ ಕಂದಾದರೆ ನಿಮ್ಮ ಬಣ್ಣ ಸುಳ್ಳು. ಆ ಸ್ಲೈಡನ್ನೇ ನಾನು ಬಿಟ್ಟೆ. ತುಣುಕು ಚಿಕ್ಕದು, ಒಂದು ಸೆಕ್ಷನ್ ಉಳಿಯಲಿ ಅಂತ ಬಿಟ್ಟೆ. ಒಬ್ಬ ರೋಗಿಗೆ ಒಂದು ಸೆಕ್ಷನ್ ಉಳಿಸಲು ಹೋಗಿ ಎಲ್ಲರ ಸೆಕ್ಷನ್‌ಗಳನ್ನೂ ಹಾಳು ಮಾಡಿದೆ.

ಇನ್ನೊಂದು ವಿಷಯವೂ ನನ್ನನ್ನು ದಾರಿ ತಪ್ಪಿಸಿತು. ಎಲ್ಲರಿಗೂ ಕಡಿಮೆ ಕಂಡ ಪ್ರೋಟೀನ್ ನಮ್ಮ ಸ್ಲೈಡ್‌ಗಳಲ್ಲಿ ಜಾಸ್ತಿ ಕಂಡಿತು. ಕೊಡಗಿನ ರೋಗಿಗಳಲ್ಲೇ ಏನೋ ಬೇರೆ ಇದೆ ಅಂತ ಮನಸ್ಸು ಹಾರಿತು. ಸ್ಲೈಡ್‌ಗಳನ್ನು ಮೈಸೂರಿಗೆ ಒಯ್ದು ಹಿರಿಯ ಪೆಥಾಲಜಿಸ್ಟ್ ಒಬ್ಬರಿಗೆ ಕೊಟ್ಟೆ. ಮೇಡಂ ಒಂದೇ ಸ್ಲೈಡ್ ನೋಡಿ, "ಇಲ್ಲಿ ಸ್ನಾಯುವೂ ಕಂದು ಇದೆಯಲ್ಲ, ಅಲ್ಲಿ ಇ-ಕ್ಯಾಡ್ಹೆರಿನ್ ಎಲ್ಲಿಂದ ಬಂತು?" ಅಂದರು. ಉತ್ತರ ಇರಲಿಲ್ಲ. ಹೊಸದಾಗಿ ಮಾಡೋಣ ಅಂದರೆ ಹಲವು ಬ್ಲಾಕ್‌ಗಳಲ್ಲಿ ಬರೀ ಮೇಣ ಉಳಿದಿತ್ತು. ತುಣುಕು ಕೊಟ್ಟವರಲ್ಲಿ ಕೆಲವರು ತೀರಿಹೋಗಿದ್ದರು. ಇವತ್ತಿಗೂ ನನಗೆ ನೋವು ಕೊಡುವುದು ಇದೇ. ಆಂಟಿಬಾಡಿಗೆ ಕೊಟ್ಟ ದುಡ್ಡಿನ ಲೆಕ್ಕ ನಾನು ಇಡುವುದಿಲ್ಲ.

ಹಾಗಾಗಿ ಅಗ್ಗವಾ, ದುಬಾರಿಯಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಂಪನಿಯದ್ದಾದರೆ ಸಲೀಸು ಅನ್ನುವುದೂ ಸುಳ್ಳು. ಕೆನಡಾದ ಟೊರೊಂಟೊದಲ್ಲಿ ಒಂದು ತಂಡ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಗೆ ಸಿಯುಝಡ್‌ಡಿ1 ಅನ್ನುವ ಪ್ರೋಟೀನ್ ಹಿಂದೆ ಬಿದ್ದಿತ್ತು. ಕಂಪನಿಯಿಂದ ಕೊಂಡು ತಂದ ಕಿಟ್ ಅಳೆಯುತ್ತಿದ್ದದ್ದು ಸಿಎ125 ಅನ್ನುವ ಬೇರೆಯದೇ ಪ್ರೋಟೀನ್. ಅದು ತಿಳಿಯುವಷ್ಟರಲ್ಲಿ 2 ವರ್ಷ, ಸುಮಾರು 5 ಲಕ್ಷ ಡಾಲರ್ ಹೋಗಿತ್ತು.

ಅಯೋವಾದ ಬ್ಯಾಂಕನ್ನು 1986ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಶುರು ಮಾಡಿಸಿತು. ಸಂಶೋಧಕರು ತಮ್ಮ ಹೈಬ್ರಿಡೋಮಾಗಳನ್ನು ಅಲ್ಲಿಡುತ್ತಾರೆ, ಯಾರು ಬೇಕಾದರೂ ಕಡಿಮೆ ಬೆಲೆಗೆ ತರಿಸಿಕೊಳ್ಳಬಹುದು. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಆಂಟಿಬಾಡಿ ಪೋರ್ಟಲ್‌ನಲ್ಲಿ ಯಾವ ಆಂಟಿಬಾಡಿಗೆ ಯಾವ ಪರೀಕ್ಷೆ ಮಾಡಿದರು, ಏನು ಬಂತು ಅನ್ನುವುದು ಎಲ್ಲರಿಗೂ ಸಿಗುತ್ತದೆ. ಸ್ವೀಡನ್ನಿನ ಹ್ಯೂಮನ್ ಪ್ರೋಟೀನ್ ಅಟ್ಲಾಸ್‌ನಲ್ಲಿ ಆರೋಗ್ಯವಂತ ಅಂಗಾಂಶದ, ಕ್ಯಾನ್ಸರ್‌ನ ಬಣ್ಣ ಹಾಕಿದ ಚಿತ್ರಗಳನ್ನು ಪುಕ್ಕಟೆ ನೋಡಬಹುದು. ದಾಖಲೆಗಳಲ್ಲಿ ಕ್ಲೋನ್ ಹೆಸರು, ಅಂದರೆ ಆ ಆಂಟಿಬಾಡಿ ಕೊಡುವ ನಿರ್ದಿಷ್ಟ ಕೋಶವಂಶದ ಹೆಸರು, ಹಿಡಿದು ಹುಡುಕಿ. ಪ್ರೋಟೀನ್ ಹೆಸರಷ್ಟೇ ಸಾಲದು. ಪ್ಯಾರಾಫಿನ್ ಮೇಲೆ ಮಾಡಿದ ದಾಖಲೆ ಇಲ್ಲದಿದ್ದರೆ, ಆ ಪರೀಕ್ಷೆ ಮಾಡುವ ಹೊಣೆ ನಿಮ್ಮದು.

ಅದನ್ನು ರೋಗಿಯ ಬ್ಲಾಕ್ ಮೇಲೆ ಮಾಡಲೇಬೇಡಿ. ಇ-ಕ್ಯಾಡ್ಹೆರಿನ್ ಆದರೆ ಟಾನ್ಸಿಲ್ ಕೇಳಿ ಪಡೆಯಿರಿ. ಆಪರೇಷನ್‌ನಲ್ಲಿ ತೆಗೆದದ್ದು ಧಾರಾಳವಾಗಿ ಉಳಿದಿರುತ್ತದೆ. ಒಂದೇ ಸೆಕ್ಷನ್‌ನಲ್ಲಿ ಮೇಲ್ಪದರ ಕಂದಾಗಬೇಕು, ಕೆಳಗಿನ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕೋಶಗಳು) ಆಗಬಾರದು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಾದರೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ (ಎನ್‌ಸಿಸಿಎಸ್) ಎಂಸಿಎಫ್-7, ಎಂಡಿಎ-ಎಂಬಿ-231 ಅನ್ನುವ ಸ್ತನ ಕ್ಯಾನ್ಸರ್ ಕೋಶಗಳನ್ನು ತರಿಸಿ, ಎರಡನ್ನೂ ಮೇಣದಲ್ಲಿ ಕೂರಿಸಿ. ಮೊದಲನೆಯದರಲ್ಲಿ ಈ ಪ್ರೋಟೀನ್ ಇದೆ, ಎರಡನೆಯದರಲ್ಲಿ ಇಲ್ಲ. ಕೋಶ ಬೆಳೆಸುವ ಸೌಕರ್ಯ ನಿಮ್ಮಲ್ಲಿಲ್ಲದಿದ್ದರೆ ಬೆಂಗಳೂರು, ಮೈಸೂರಿನ ಲ್ಯಾಬ್‌ನವರನ್ನು ಕೇಳಿ. ದೊಡ್ಡ ಯಂತ್ರಗಳು ಎಲ್ಲಿವೆ ಅಂತ ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಬಹುದು. ಅನುದಾನದ ದುಡ್ಡನ್ನು ಮೊದಲು ಈ ಕಂಟ್ರೋಲ್‌ಗಳಿಗೆ ಎತ್ತಿಡಿ. ಉಳಿದದ್ದರಲ್ಲಿ ಬ್ಯಾಂಕಿನ ಆಂಟಿಬಾಡಿ ಧೈರ್ಯವಾಗಿ ತರಿಸಿ.

ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ತರಿಸಬೇಡಿ. ಮರ ಬಿದ್ದು ಲೈನ್ ಹೋದರೆ ಫ್ರೀಜರ್‌ನಲ್ಲಿಟ್ಟದ್ದು ಕರಗಿ ಮತ್ತೆ ಗಟ್ಟಿಯಾಗುತ್ತದೆ, ಆಂಟಿಬಾಡಿ ಕೆಡುತ್ತದೆ. ಬೇರೆ ತಿಂಗಳಾದರೂ ಬೆಂಗಳೂರಿನಿಂದ ಸೋಮವಾರ ಹೊರಡುವ ಹಾಗೆ ನೋಡಿಕೊಳ್ಳಿ. ಶುಕ್ರವಾರ ಹೊರಟ ಪೆಟ್ಟಿಗೆ ಭಾನುವಾರವೆಲ್ಲ ಕೊರಿಯರ್ ಗೋಡೌನ್‌ನಲ್ಲಿ ಕೂರುತ್ತದೆ.